ಬಿಡದ ಜೋಮು

ನನ್ನ ಬೆರಳಿಗಿಂತ ಒಳ್ಳೆಯ ಬ್ರಷ್ಷು ಇಡೀ ಮೂಡಿಗೆರೆಯಲ್ಲಿ ಇರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ನನಗೆ ಧಾರಾಳವಾಗಿಯೇ ಇದೆ, ಆದರೆ ಈ ಮಾತು ಅದಕ್ಕೆ ಸೇರಿದ್ದಲ್ಲ. ನಮ್ಮದು ಕುಶನ್ ಅಂಗಡಿ. ಜೀಪಿನ ಸೀಟು, ಜೀಪಿನ ಮೇಲೆ ಹೊದಿಸುವ ಹುಡ್, ಆಟೋದ ಟಾಪು, ಈಚೀಚೆಗೆ ಹೋಂಸ್ಟೇಗಳ ಸೋಫಾ, ಇವೆಲ್ಲ ನಮ್ಮಲ್ಲಿ ತಯಾರಾಗುತ್ತವೆ. ಹೊಲಿಯುವುದು ನಮ್ಮನೆಯವರು, ಅಂಟಿಸುವುದು ನಾನು. ಮದುವೆಯಾಗಿ ಸಂಸೆಯಿಂದ ಬಂದ ವರ್ಷವೇ ಈ ಪಾಲು ಆಗಿಹೋಗಿತ್ತು. ಅವರು ಸಲ್ಯೂಷನ್ ಬಳಿದರೆ ಒಂದು ಕಡೆ ಗಂಟು, ಇನ್ನೊಂದು ಕಡೆ ಖಾಲಿ. ನಾನು ಬಳಿದರೆ ಕಾವಲಿಗೆ ದೋಸೆ ಹುಯ್ದ ಹಾಗೆ ಸಮನಾಗಿ ಹರಡುತ್ತಿತ್ತು.

ಸಲ್ಯೂಷನ್ ಅಂದರೆ ಪಂಕ್ಚರ್ ಅಂಗಡಿಯಲ್ಲಿ, ಚಪ್ಪಲಿ ಹೊಲಿಯುವವರ ಹತ್ತಿರ ಇರುತ್ತದಲ್ಲ, ಆ ಹಳದಿ ರಬ್ಬರ್ ಅಂಟು. ಅವರ ಹತ್ತಿರ ಸಣ್ಣ ಟ್ಯೂಬು, ನಮ್ಮಲ್ಲಿ ದೊಡ್ಡ ಡಬ್ಬ. ಬ್ರಷ್ಷಿನಲ್ಲಿ ಬಳಿದರೆ ಅರ್ಧ ಅಂಟನ್ನು ಬ್ರಷ್ಷೇ ಕುಡಿದುಬಿಡುತ್ತದೆ. ಹಾಗಾಗಿ ನಾನು ಎರಡು ಬೆರಳಿನಲ್ಲಿ ಎತ್ತಿ ಎಳೆಯುತ್ತಿದ್ದೆ. ಬಳಿದ ತಕ್ಷಣ ಒತ್ತುವ ಹಾಗಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬೆರಳ ತುದಿಯಿಂದ ಮುಟ್ಟಿ ನೋಡಬೇಕು. ಬೆರಳಿಗೆ ಮೆತ್ತಿಕೊಳ್ಳಬಾರದು, ಆದರೆ ಒಂಚೂರು ಹಿಡಿದು ಬಿಟ್ಟ ಹಾಗೆ ಆಗಬೇಕು. ಅದೇ ಹದ. ಹದದಲ್ಲಿ ಒತ್ತಿದ ರೆಕ್ಸಿನ್ನನ್ನು ಹುಲಿ ಎಳೆದರೂ ಬಿಡಿಸಲಾಗದು. ಸಂಜೆ ಬೆರಳನ್ನು ಥಿನ್ನರಿನಲ್ಲಿ ಅದ್ದಿ ಚಿಂದಿ ಬಟ್ಟೆಯಲ್ಲಿ ಒರೆಸಿಕೊಂಡರೆ ಕೈ ಚೊಕ್ಕ. ಸೋಪಿಗೆ ಆ ಯೋಗ್ಯತೆ ಇಲ್ಲ ಎಂದು ಎಲ್ಲರೆದುರು ಹೇಳುತ್ತಿದ್ದೆ.

ತೊಂದರೆಯೆಲ್ಲ ಮಳೆಗಾಲದ್ದು. ನಮ್ಮ ಕಡೆ ಜೀಪು ಇಟ್ಟವರಿಗೆ ಹುಡ್ ಹರಿದಿರುವುದು ನೆನಪಾಗುವುದು ಮೊದಲ ಮಳೆ ತಲೆಯ ಮೇಲೆ ಬಿದ್ದಾಗ. ಆಮೇಲೆ ಎಲ್ಲರಿಗೂ ನಾಳೆಯೇ ಬೇಕು. ಆದರೆ ಥಂಡಿ ಗಾಳಿ ತಾಗಿದರೆ ಸಲ್ಯೂಷನ್ ಮೇಲೆ ಮಂಜು ಹಿಡಿದ ಹಾಗೆ ಬೆಳ್ಳಗಾಗುತ್ತದೆ, ಹದ ಬರುವುದೇ ಇಲ್ಲ. ಅದಕ್ಕೆ ನಾವು ಒಂದು ಉಪಾಯ ಮಾಡಿದ್ದೆವು. ಅಂಗಡಿಯ ಹಿಂದೆ ಒಂದು ಕೋಣೆ, ಅದಕ್ಕೊಂದು ಕಿಟಕಿ. ಎರಚಲು ಬಾರದ ಹಾಗೆ ಕಿಟಕಿಗೆ ಪ್ಲಾಸ್ಟಿಕ್ ಬಡಿದು, ಬಾಗಿಲ ಸಂದಿಗೆ ಕಾಫಿಯ ಗೋಣಿಚೀಲ ತುರುಕಿ, ಒಳಗೆ ದೊಡ್ಡ ಬಲ್ಬು ಉರಿಸಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದೆವು. ಹತ್ತೇ ನಿಮಿಷದಲ್ಲಿ ಹದ. ಮಳೆಗಾಲದಲ್ಲೂ ಬಿಡದ ಅಂಟು ಬೇಕಾದರೆ ನಮ್ಮಲ್ಲಿಗೇ ಬರಬೇಕು ಎಂದು ಕಳಸದ ತನಕ ಹೆಸರಾಯಿತು. ಆ ಕೋಣೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ನಾನೊಬ್ಬಳೇ. ಊಟದ ಡಬ್ಬಿಯೂ ಅಲ್ಲೇ, ಸಲ್ಯೂಷನ್ ಡಬ್ಬವೂ ಅಲ್ಲೇ. ಒಳಗೆ ಕಾಲಿಟ್ಟ ಗಿರಾಕಿಗಳು ಮೂಗು ಮುಚ್ಚಿಕೊಂಡು ಹಿಂದೆ ಸರಿಯುತ್ತಿದ್ದರು. ನನಗೆ ವಾಸನೆ ಬರುವುದು ಎಂದೋ ನಿಂತುಹೋಗಿತ್ತು. ಅದನ್ನೂ ನನ್ನ ಗಟ್ಟಿತನ ಅಂದುಕೊಂಡಿದ್ದೆ.

ಮೂರು ವರ್ಷದ ಹಿಂದೆ ಹೋಂಸ್ಟೇ ಸೋಫಾಗಳು ಶುರುವಾದವು. ಜೀಪಿನ ಹುಡ್ಡಿಗೆ ಅಂಚಿನಲ್ಲಿ ಮಾತ್ರ ಅಂಟು, ಸೋಫಾದ ಫೋಮಿಗೆ ಮೈತುಂಬ. ಒಂದು ಡಬ್ಬ ತಿಂಗಳು ಬರುತ್ತಿದ್ದದ್ದು ವಾರಕ್ಕೆ ಖಾಲಿ. ಆ ಆಷಾಢದಲ್ಲಿ ನನ್ನ ಕಾಲಿನ ಬೆರಳುಗಳಿಗೆ ಜೋಮು ಹಿಡಿಯಿತು.

ಜೋಮು ನಮ್ಮಲ್ಲಿ ಕಾಯಿಲೆಯಲ್ಲ. ಚಕ್ಕಳಮಕ್ಕಳ ಹಾಕಿ ಕೂತರೆ ಜೋಮು, ಗದ್ದೆಯ ಕೆಸರಿನಲ್ಲಿ ನಿಂತರೆ ಜೋಮು, ಬೂಟಿನೊಳಗೆ ನೀರು ಹೋದರೆ ಜೋಮು. ನಮ್ಮಜ್ಜಿ ಎಂಜಲು ಹಚ್ಚಿ ಕಾಲನ್ನು ಎರಡು ಸಲ ನೆಲಕ್ಕೆ ಕುಟ್ಟಿಸುತ್ತಿದ್ದಳು, ಅಷ್ಟಕ್ಕೆ ಹೋಗುತ್ತಿತ್ತು. ಮಳೆಗಾಲದಲ್ಲಿ ಯಾರಿಗೆ ಹೇಳಿದರೂ "ನಂಗೂ ಹಂಗೇ ಮಾರಾಯ್ತಿ, ಥಂಡಿಗೆ" ಎನ್ನುವ ಒಂದೇ ಉತ್ತರ. ಹಾಗಾಗಿ ನಾನೂ ಕುಟ್ಟಿದೆ. ಕೊಬ್ಬರಿ ಎಣ್ಣೆಗೆ ಬೆಳ್ಳುಳ್ಳಿ ಹಾಕಿ ಕಾಯಿಸಿ ತಿಕ್ಕಿದೆ, ಬಿಸಿನೀರಿನಲ್ಲಿ ಕಾಲಿಟ್ಟು ಕೂತೆ. ಜೋಮು ಬರುವುದು ಹೋಗುವುದು ಎರಡೂ ಇರುವ ವಸ್ತು. ನನ್ನದು ಬಂತು, ಹೋಗಲಿಲ್ಲ. ಆ ವ್ಯತ್ಯಾಸವನ್ನು ಗಮನಿಸುವಷ್ಟು ಪುರಸೊತ್ತು ನಾನು ಮಾಡಿಕೊಳ್ಳಲಿಲ್ಲ.

ಮಳೆ ನಿಂತ ಮೇಲೆ ಒಂದು ದಿನ ಸಂತೆಗೆ ಹೋಗಿ ಬಂದು ಅಂಗಡಿಯಲ್ಲಿ ಕೂತಿದ್ದೆ. ಕಳಸದ ಜೀಪಿನವನೊಬ್ಬ ಬಂದ. ಪ್ರವಾಸಿಗರನ್ನು ಗುಡ್ಡಕ್ಕೆ ಹತ್ತಿಸುವವನು, ನಮ್ಮ ಹಳೆಯ ಗಿರಾಕಿ, ನನ್ನನ್ನು ಅಕ್ಕ ಅನ್ನುವವನು. ಅವನ ಕೈಯಲ್ಲಿ ಒಂದು ಹವಾಯಿ ಚಪ್ಪಲಿ.

"ಅಕ್ಕ, ಇದು ನಿಮ್ದಾ? ಬಸ್‌ಸ್ಟ್ಯಾಂಡ್ ಹತ್ರ ಬಿದ್ದಿತ್ತು. ನೀವು ಬಿಟ್ಟು ಹೋಗ್ತಾನೇ ಇದ್ರಿ, ಕೂಗಿದ್ರೂ ಕೇಳ್ಲಿಲ್ಲ."

ಕಾಲು ನೋಡಿಕೊಂಡೆ. ಎಡಗಾಲಿನಲ್ಲಿ ಚಪ್ಪಲಿ ಇತ್ತು, ಬಲಗಾಲಿನಲ್ಲಿ ಇರಲಿಲ್ಲ. ಬಸ್‌ಸ್ಟ್ಯಾಂಡಿನಿಂದ ಅಂಗಡಿಯ ತನಕ ಜಲ್ಲಿಯ ಮೇಲೆ ಬರಿಗಾಲಿನಲ್ಲಿ ನಡೆದು ಬಂದಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅಂಗಾಲಿನಲ್ಲಿ ಒಂದು ಗಾಜಿನ ಚೂರು ಹೊಕ್ಕು ರಕ್ತ ಒಣಗಿತ್ತು.

"ಎಂತ ಮಾರಾಯ್ತಿ, ಸೀತೆ ದಾರಿಗೆ ಒಡವೆ ಬಿಟ್ಕಂಡು ಹೋದಂಗೆ ಒಂದೊಂದೇ ಬಿಟ್ಕಂಡು ಬಂದ್ಯಾ?" ಎಂದು ನಮ್ಮನೆಯವರು ನಕ್ಕರು. ಜೀಪಿನವನೂ ನಕ್ಕ. ನಾನೂ ನಕ್ಕೆ. ಆದರೆ ನಿಜ ಹೇಳುತ್ತೇನೆ, ಹೆದರಿಕೆಯಾಯಿತು.

ಊರಿನ ಡಾಕ್ಟರಿಗೆ ತೋರಿಸಿದೆವು. ಶುಗರ್ ಪರೀಕ್ಷೆ ಮಾಡಿಸಿದರು, ಇರಲಿಲ್ಲ. ವಿಟಮಿನ್ ಮಾತ್ರೆ ಕೊಟ್ಟರು. ಮೂರು ತಿಂಗಳು ನುಂಗಿದೆ. ಇನ್ನೊಬ್ಬರ ಹತ್ತಿರ ಹೋದೆ, ಅವರು ಮಾತ್ರೆಯ ಬಣ್ಣ ಬದಲಾಯಿಸಿದರು. ಇಬ್ಬರೂ ಕೇಳಿದ್ದರು, "ಏನ್ ಕೆಲಸ ಮಾಡ್ತೀರಿ?" ಎಂದು. ನಾನು ಇಬ್ಬರಿಗೂ ಒಂದೇ ಉತ್ತರ ಕೊಟ್ಟಿದ್ದೆ: "ಮನೇಲೇ ಇರೋದು." ಚೀಟಿಯಲ್ಲಿ ಗೃಹಿಣಿ ಎಂದು ಬರೆದುಕೊಂಡರು.

ಅವರನ್ನು ದೂರುವ ಹಕ್ಕು ನನಗಿಲ್ಲ. ಇಪ್ಪತ್ತಾರು ವರ್ಷ ಅಂಗಡಿಯಲ್ಲಿ ದುಡಿದವಳು, ಗಂಡನಿಗೇ ಎದುರು ನಿಂತು ಅಳತೆ ತಿದ್ದುವವಳು, ಚೀಟಿ ಬರೆಸುವಾಗ ಮಾತ್ರ ಮನೆಯಲ್ಲೇ ಇರುವವಳಾದೆ. ಅಂಗಡಿಯ ಬೋರ್ಡಿನಲ್ಲಿ ನಮ್ಮನೆಯವರ ಹೆಸರು, ನಾನು "ಸ್ವಲ್ಪ ಕೈ ಜೋಡಿಸುವುದು". ನಮ್ಮ ಬೀದಿಯಲ್ಲಿ ಬೇಕಾದರೆ ಕೇಳಿ ನೋಡಿ. ದಿನಸಿ ಅಂಗಡಿಯ ಗಲ್ಲಾದಲ್ಲಿ ಕೂತವಳು, ಮಿಲ್ಲಿನಲ್ಲಿ ಖಾರದಪುಡಿ ಬೀಸುವವಳು, ಎಲ್ಲರೂ ಮನೆಯಲ್ಲೇ ಇರುವವರು. ಬೀಸುವವಳ ಕೆಮ್ಮಿಗೂ ಯಾರೋ ಹವೆ ಬದಲಾಗಿದ್ದಕ್ಕೆ ಎಂದು ಔಷಧ ಕೊಡುತ್ತಿರಬೇಕು.

ಮುಂದಿನ ಮಳೆಗಾಲಕ್ಕೆ ಜೋಮು ಕೈಗೆ ಬಂತು. ಅಷ್ಟರಲ್ಲಿ ಕಾಲು ಹಿಮ್ಮಡಿಯವರೆಗೂ ಮರದ ಕೊರಡಾಗಿತ್ತು. ರಾತ್ರಿ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಹಗಲು ತಲೆನೋವು. ಅಳತೆ ಹೇಳಿದ ಮರುಕ್ಷಣವೇ ಮರೆಯುತ್ತಿದ್ದೆ, ಕೇಳಿದರೆ ರೇಗುತ್ತಿದ್ದೆ. ರೇಗುವುದು ನನಗೆ ಹುಟ್ಟಿನಿಂದ ಬಂದದ್ದಾದ್ದರಿಂದ ಯಾರೂ ಅದನ್ನು ರೋಗದ ಲಕ್ಷಣಕ್ಕೆ ಸೇರಿಸಲಿಲ್ಲ. ನಡೆಯುವಾಗ ಪಾದ ಪಟಪಟ ಬಡಿಯುತ್ತಿತ್ತು. "ಬಾತುಕೋಳಿ ಬಂತು" ಎಂದು ನಮ್ಮನೆಯವರು ತಮಾಷೆ ಮಾಡುತ್ತಿದ್ದವರು ಆಮೇಲೆ ಅದನ್ನೂ ನಿಲ್ಲಿಸಿದರು. ಅವರು ತಮಾಷೆ ನಿಲ್ಲಿಸಿದ್ದು ನನಗೆ ಇನ್ನೂ ಕಷ್ಟವಾಯಿತು.

ಆಗ ಬಂದದ್ದು ಅದೇ ಕಳಸದ ಜೀಪಿನವನ ಹುಡ್. ಹೊಸದು, ಪೂರ್ತಿ. ನಾನೇ ಅಂಟಿಸಿದೆ. ಎಂದಿನಂತೆ ಬೆರಳ ತುದಿಯಿಂದ ಮುಟ್ಟಿದೆ. ಬೆರಳು ಏನನ್ನೂ ಹೇಳಲಿಲ್ಲ. ಹಸಿಯೂ ಅಲ್ಲ, ಹದವೂ ಅಲ್ಲ, ಒಣಗಿದ್ದೂ ಅಲ್ಲ. ಇನ್ನೊಮ್ಮೆ ಮುಟ್ಟಿದೆ, ಅದೇ. ಅಭ್ಯಾಸದ ಬಲದಿಂದ ಅಂದಾಜು ಮಾಡಿ ಒತ್ತಿದೆ. ನಾಲ್ಕನೆಯ ದಿನ ಅವನು ಮಳೆಯಲ್ಲಿ ನೆನೆದು ಬಂದು ನಿಂತ. ಸಂಸೆಯ ತಿರುವಿನಲ್ಲಿ ಹುಡ್ಡಿನ ಅಂಚು ಬಿಚ್ಚಿ ಗಾಳಿಗೆ ಹಾರಿ, ಹಿಂದೆ ಕೂತವರ ಮೇಲೆಲ್ಲ ನೀರು ಸುರಿದಿತ್ತು. ಅವನು ಬೈಯಲಿಲ್ಲ. "ಅಕ್ಕ, ನಿಮ್ ಕೈದು ಯಾವತ್ತೂ ಬಿಟ್ಟಿರ್ಲಿಲ್ಲ" ಎಂದ, ಅಷ್ಟೆ. ಅವನು ಬೈದಿದ್ದರೆ ನಾನೂ ನಾಲ್ಕು ಬೈದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಆ ದಿನ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ಅಳುವುದಕ್ಕೂ ಅದೇ ಕೋಣೆಗೆ ಹೋಗಿದ್ದೆ ಎಂಬುದನ್ನು ಈಗ ನೆನೆಸಿಕೊಂಡರೆ ನನ್ನ ತಲೆಗೆ ನಾನೇ ಮೊಟಕಬೇಕು ಅನ್ನಿಸುತ್ತದೆ.

ಮಾರನೆಯ ವಾರ ಚಿಕ್ಕಮಗಳೂರಿಗೆ ಹೋದೆವು. ಅಲ್ಲಿಗೆ ವಾರಕ್ಕೊಮ್ಮೆ ಬರುವ ನರಗಳ ಡಾಕ್ಟರು, ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮಂಚದ ಮೇಲೆ ಕೂರಿಸಿ ಮಂಡಿಗೆ, ಹಿಮ್ಮಡಿಯ ಹಿಂದೆ ಸಣ್ಣ ಸುತ್ತಿಗೆಯಿಂದ ತಟ್ಟಿದರು. ಮಂಡಿ ಒದ್ದಿತು, ಹಿಮ್ಮಡಿ ಸುಮ್ಮನಿತ್ತು. ಆಮೇಲೆ ಕವಲಿರುವ ಒಂದು ಕಬ್ಬಿಣದ ಸಾಮಾನು ತೆಗೆದು ತಟ್ಟಿ, ನನ್ನ ಎದೆಯ ಮೂಳೆಯ ಮೇಲಿಟ್ಟರು. ಜುಮ್ಮೆಂದು ನಡುಗಿತು.

"ಹಿಂಗೆ ನಡುಗೋದು ಗೊತ್ತಾಯ್ತಲ್ಲ? ಈಗ ಕಣ್ಣು ಮುಚ್ಕೊಳ್ಳಿ. ಕಾಲಿನ ಹೆಬ್ಬೆರಳ ಮೇಲೆ ಇಡ್ತೀನಿ. ಗೊತ್ತಾದಾಗ ಹೇಳಿ."

ಕಣ್ಣು ಮುಚ್ಚಿದೆ. ಪರೀಕ್ಷೆಯಲ್ಲಿ ಫೇಲಾಗುವುದು ನನ್ನ ಜಾತಕದಲ್ಲಿ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, ಇಷ್ಟರೊಳಗೆ ಇಟ್ಟಿರಬೇಕು ಎಂದು ಲೆಕ್ಕ ಹಾಕಿ, "ಹೂಂ, ನಡುಗ್ತಾ ಉಂಟು" ಎಂದೆ.

"ಎಷ್ಟು ನಡುಗ್ತಿದೆ?"

"ಚೆನ್ನಾಗೇ ಗೊತ್ತಾಗ್ತದೆ."

"ಕಣ್ಣು ಬಿಡಿ ಅಮ್ಮ" ಎಂದರು. ಸಾಮಾನು ಅವರ ಕೋಟಿನ ಜೇಬಿನಲ್ಲಿತ್ತು.

ಅಷ್ಟು ಅವಮಾನ ನನಗೆ ಹಿಂದೆ ಆಗಿರಲಿಲ್ಲ. ಡಾಕ್ಟರು ನಗಲಿಲ್ಲ. ನನ್ನ ಬಲಗೈ ಹಿಡಿದು ಉಗುರು ನೋಡಿದರು. ಉಗುರಿನ ಬುಡದಲ್ಲಿ ಹಳದಿ ಅಂಟು ಒಣಗಿ ಕೂತಿತ್ತು. ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ, ಚೀಟಿಯಲ್ಲಿ ಬರೆದದ್ದನ್ನು ಇನ್ನೊಮ್ಮೆ ಓದಿ, "ಗೃಹಿಣಿ ಅಂತಿದೆ. ಮನೇಲಿ ಏನು ಅಂಟಿಸ್ತೀರಿ?" ಎಂದು ಕೇಳಿದರು.

ಆಗ ಬಾಯಿ ಬಿಟ್ಟೆ. ಕೋಣೆ, ಬಲ್ಬು, ಗೋಣಿಚೀಲ, ಬೆರಳಿನಲ್ಲಿ ಬಳಿಯುವುದು, ಥಿನ್ನರಿನಲ್ಲಿ ಕೈ ತೊಳೆಯುವುದು ಎಲ್ಲ. ಅವರು ಬರೆಯುತ್ತಾ ಹೋದರು. ಒಂದು ಕಡೆ ಪೆನ್ನು ನಿಲ್ಲಿಸಿ, "ಜೋಮು ಅಂದ್ರಲ್ಲ, ಈ ಒಂದು ವರ್ಷದಲ್ಲಿ ಅದು ಬಿಟ್ಟಿದ್ದು ಯಾವತ್ತಾದರೂ ಉಂಟಾ?" ಎಂದರು. ಯೋಚಿಸಿದೆ. ಇಲ್ಲ. "ಹಾಗಾದ್ರೆ ಅದು ಜೋಮಲ್ಲ" ಎಂದರು.

ಆಮೇಲೆ ಕರೆಂಟಿನ ಪರೀಕ್ಷೆ ಮಾಡಿಸಿದರು. ಕಾಲಿನ ನರಕ್ಕೆ ಸಣ್ಣ ಶಾಕ್ ಕೊಟ್ಟು ಅದು ಎಷ್ಟು ಬೇಗ, ಎಷ್ಟು ಜೋರಾಗಿ ಸಾಗುತ್ತದೆ ಎಂದು ನೋಡುವುದು. ಪರದೆಯ ಮೇಲೆ ಗುಡ್ಡದಂತೆ ಏಳಬೇಕಾದ ಗೆರೆ ನನ್ನದು ಗದ್ದೆಯ ಬದುವಿನಷ್ಟೇ ಎದ್ದಿತ್ತು. ಆ ಗೆರೆ ತೋರಿಸುತ್ತಾ ಅವರು ವಿವರಿಸಿದ್ದು ನನಗೆ ಈಗಲೂ ಬಾಯಿಪಾಠ.

ಕಾಲಿನ ನರಕ್ಕೆ ಸೇರಿದ ಜೀವಕೋಶ ಇರುವುದು ಕಾಲಿನಲ್ಲಲ್ಲ, ಬೆನ್ನುಮೂಳೆಯ ಹತ್ತಿರ. ಅಲ್ಲಿಂದ ಒಂದು ಎಳೆ ಹೊರಟು ಹೆಬ್ಬೆರಳಿನ ತನಕ ಬರುತ್ತದೆ, ಒಂದೇ ಎಳೆ, ನಡುವೆ ಎಲ್ಲೂ ಗಂಟಿಲ್ಲ. ಎಳೆಯ ತುದಿಗೆ ಬೇಕಾದದ್ದೆಲ್ಲ ತಯಾರಾಗುವುದು ಮೇಲೆ, ಸಾಗುವುದು ಎಳೆಯ ಒಳಗಿನಿಂದಲೇ. ಸಲ್ಯೂಷನ್ ಒಣಗುತ್ತದೆ ಎಂದರೆ ಅದರಲ್ಲಿರುವ ಹೆಕ್ಸೇನ್ ಎಂಬ ವಸ್ತು ಆವಿಯಾಗುತ್ತದೆ ಎಂದೇ ಅರ್ಥ. ಮುಚ್ಚಿದ ಕೋಣೆಯಲ್ಲಿ ಆ ಆವಿ ಹೋಗುವುದಾದರೂ ಎಲ್ಲಿಗೆ? ನನ್ನೊಳಗೆ ಹೋಗಿತ್ತು. ಉಸಿರಿನಿಂದ, ಬೆರಳಿನ ಚರ್ಮದಿಂದ ರಕ್ತಕ್ಕೆ ಸೇರಿತ್ತು. ಅದನ್ನು ಹೊರಗೆ ಹಾಕಲು ಹೊರಟ ಪಿತ್ತಜನಕಾಂಗ ಅದನ್ನು ಇನ್ನೂ ಕೆಟ್ಟದ್ದಾಗಿ ಬದಲಾಯಿಸಿತ್ತು. ನರದ ಎಳೆಯ ಒಳಗೆ ಅದಕ್ಕೆ ಆಧಾರವಾಗಿ ಸಣ್ಣ ಸಣ್ಣ ನೂಲುಗಳಿರುತ್ತವಂತೆ. ಆ ಬದಲಾದ ವಸ್ತು ಹೋಗಿ ಅವುಗಳನ್ನು ಒಂದಕ್ಕೊಂದು ಸೇರಿಸಿ ಹಿಡಿಯುತ್ತದಂತೆ.

"ನೀವು ರೆಕ್ಸಿನ್ ಅಂಟಿಸ್ತಾ ಇದ್ರಿ. ಅದು ನಿಮ್ಮ ನರದ ಒಳಗಿನ ನೂಲುಗಳನ್ನ ಅಂಟಿಸ್ತಾ ಇತ್ತು" ಎಂದರು ಡಾಕ್ಟರು.

ಅಂಟಿದ ಕಡೆ ಎಳೆ ಊದಿಕೊಳ್ಳುತ್ತದೆ, ಸಾಗಣೆ ಕಟ್ಟುತ್ತದೆ. ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಒಂದು ಲಾರಿ ಅಡ್ಡ ನಿಂತರೆ ನಮ್ಮ ಪೇಟೆಗೆ ಮೀನು ಬಾರದಿರುವುದು ನನಗೆ ಗೊತ್ತಿರುವ ವಿಷಯ, ಹಾಗಾಗಿ ಇದು ಬೇಗ ಅರ್ಥವಾಯಿತು. ಎಲ್ಲಕ್ಕಿಂತ ಉದ್ದದ ಎಳೆಗೆ ಎಲ್ಲಕ್ಕಿಂತ ಮೊದಲು ತೊಂದರೆ. ಅದಕ್ಕೇ ಮೊದಲು ಕಾಲಿನ ಬೆರಳು, ಆಮೇಲೆ ಪಾದ, ಆಮೇಲೆ ಕೈ. ತಲೆನೋವಿಗೂ ಮರೆವಿಗೂ ಥಿನ್ನರಿನ ಪಾಲು ಇದ್ದೀತು, ಅದು ಮೆದುಳಿಗೆ ಹೋಗುವ ಜಾತಿಯದ್ದು ಎಂದರು.

ನಮ್ಮನೆಯವರು ಆಸೆಯಿಂದ ಮುಂದೆ ಬಾಗಿದರು. "ಸಿಟ್ಟು? ಸಿಟ್ಟೂ ಅದ್ರಿಂದ್ಲೇನಾ ಡಾಕ್ಟ್ರೇ?"

"ಸ್ವಲ್ಪ ಇರಬಹುದು."

"ಮಿಕ್ಕಿದ್ದು ನನ್ನ ಸ್ವಂತದ್ದು" ಎಂದೆ ನಾನು. ಆ ದಿನ ಮೊದಲ ಸಲ ಡಾಕ್ಟರು ನಕ್ಕರು.

ಅವರು ನಕ್ಕ ಧೈರ್ಯದ ಮೇಲೆ ಕೇಳಬೇಕಾದ್ದನ್ನು ಕೇಳಿದೆ. ನನ್ನ ಬೆರಳು ನನಗೆ ವಾಪಸ್ ಬರುತ್ತದೋ ಇಲ್ಲವೋ. ಅವರು ಸುತ್ತಿ ಬಳಸಿ ಹೇಳಲಿಲ್ಲ. ಹಾಳಾಗಿರುವುದು ಎಳೆ, ಮೇಲಿನ ಜೀವಕೋಶ ಉಳಿದಿರುವ ಹಾಗೆ ಕಾಣುತ್ತದೆ. ಕೋಶ ಇದ್ದರೆ ಎಳೆ ಮತ್ತೆ ಬೆಳೆಯುತ್ತದೆ, ಎಲ್ಲ ಸರಿಯಾಗಿ ನಡೆದರೆ ವಾರಕ್ಕೆ ಒಂದು ಅಕ್ಕಿಕಾಳಿನಷ್ಟು. ಪೂರ್ತಿ ಬರುತ್ತದೆ ಎಂದು ಬರೆದುಕೊಡುವುದಿಲ್ಲ. ಇದಕ್ಕೆ ಮಾತ್ರೆಯಿಲ್ಲ, ಆ ಆವಿಯಿಂದ ದೂರ ಇರುವುದೊಂದೇ ಔಷಧ. ಕೊನೆಗೆ ಒಂದು ಮಾತು ಸೇರಿಸಿದರು: "ಬಿಟ್ಟ ಮೇಲೂ ಎರಡು ಮೂರು ತಿಂಗಳು ಜಾಸ್ತಿ ಆಗುತ್ತೆ. ಆಗಲೇ ಹಾಳಾಗೋಕೆ ಶುರುವಾಗಿರೋದು ಮುಗೀಬೇಕು. ಹೆದರ್ಬೇಡಿ. ಹೆದರಿ ಮತ್ತೆ ಕೋಣೆಗೆ ಮಾತ್ರ ಹೋಗ್ಬೇಡಿ." ನಮ್ಮನೆಯವರನ್ನೂ ಮಂಚ ಹತ್ತಿಸಿ ಪರೀಕ್ಷಿಸಿದರು. ಅವರು ಕೂರುವುದು ಮುಂದೆ, ಶಟರಿನ ಹತ್ತಿರ. ಅವರಿಗೆ ಏನೂ ಆಗಿರಲಿಲ್ಲ.

ಊರಿಗೆ ಬಂದವರೇ ಸಲ್ಯೂಷನ್ ಡಬ್ಬವನ್ನು ಬೀದಿಗೆ ತಂದು ಇಟ್ಟೆವು. ಅದರ ಮೇಲೆ ನಮ್ಮದೇ ಅಂಟು ವರ್ಷಗಟ್ಟಲೆ ಇಳಿದು ದಪ್ಪಗೆ ಕಟ್ಟಿಕೊಂಡಿತ್ತು. ಹೊಸ ಡಬ್ಬ ತಂದ ದಿನವೇ ಅದರ ಅಂಟನ್ನು ಈ ಹಳೆಯದಕ್ಕೆ ಸುರಿದು ತುಂಬುವುದು ನಮ್ಮ ರೂಢಿ. ನಮ್ಮನೆಯವರು ಬ್ಲೇಡಿನಿಂದ ಕೆರೆದರು. ಕೆಳಗೆ ಸಣ್ಣ ಅಕ್ಷರದಲ್ಲಿ ಇಂಗ್ಲಿಷ್, ಅದರ ಕೆಳಗೆ ಹಿಂದಿ. ಅವರು ಒಂದೊಂದೇ ಪದ ಕೂಡಿಸಿ ಓದಿದರು: ಗಾಳಿ ಚೆನ್ನಾಗಿ ಆಡುವ ಕಡೆ ಮಾತ್ರ ಬಳಸಿ, ಆವಿಯನ್ನು ಉಸಿರಾಡಬೇಡಿ, ಚರ್ಮಕ್ಕೆ ತಾಗಿಸಬೇಡಿ. ಓದಿ ಮುಗಿಸಿ ಬ್ಲೇಡು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

"ಮೂರಕ್ಕೆ ಮೂರೂ ಮಾಡಿದೀವಲ್ಲೇ" ಎಂದರು.

ಅವರ ಕಣ್ಣು ತುಂಬಿತ್ತು. ಸಮಾಧಾನ ಮಾಡುವುದು ನನಗೆ ಬರುವುದಿಲ್ಲ. "ಎದ್ದೇಳಿ, ಕಿಟಕಿ ಪ್ಲಾಸ್ಟಿಕ್ ಕೀಳ್ಬೇಕು" ಎಂದೆ.

ಬಿಟ್ಟೆ. ಡಾಕ್ಟರು ಹೇಳಿದ್ದು ಅಕ್ಷರಶಃ ಆಯಿತು, ಜಾಸ್ತಿಯಾಯಿತು. ಮೊದಲ ತಿಂಗಳು ಹಿಮ್ಮಡಿ ದಾಟಿ ಮೇಲೆ ಬಂತು. ಎರಡನೆಯ ತಿಂಗಳು ಸೀರೆಯ ನೆರಿಗೆ ಹಿಡಿಯಲು ಬೆರಳು ಕೇಳುತ್ತಿರಲಿಲ್ಲ, ನೈಟಿಯಲ್ಲೇ ಓಡಾಡಿದೆ. ಮೂರು ಮೆಟ್ಟಿಲು ಹತ್ತಲು ಗೋಡೆ ಬೇಕಾಯಿತು. ನೋಡಲು ಬಂದವರೆಲ್ಲ ಒಂದೇ ರಾಗ. "ಕೆಲ್ಸ ಮಾಡ್ತಿದ್ದಾಗ್ಲೇ ಗಟ್ಟಿ ಇದ್ರಲ್ಲ, ಕೂತ್ಕಂಡ್ರೆ ಹಂಗೇ ಆಗೋದು." ಒಬ್ಬರು ಹೊರನಾಡಿಗೆ ಹರಕೆ ಹೊತ್ತುಕೊಳ್ಳಲು ಹೇಳಿದರು, ಹೊತ್ತುಕೊಂಡೆ, ಅದಕ್ಕೇನು ಕಿಟಕಿ ಮುಚ್ಚಬೇಕಾಗಿಲ್ಲ. ನಮ್ಮನೆಯವರಿಗೇ ನಂಬಿಕೆ ಅಲ್ಲಾಡಿತು.

"ಬಿಟ್ ಮೇಲೆ ಜಾಸ್ತಿ ಆಯ್ತಲ್ಲ ಮಾರಾಯ್ತಿ. ಡಾಕ್ಟ್ರು ಹೇಳಿದ್ದು ತಪ್ಪಾಗಿದ್ರೆ?"

"ಜಾಸ್ತಿ ಆಗುತ್ತೆ ಅಂತ ಮೊದ್ಲೇ ಹೇಳಿದಾರಲ್ರೀ. ಹೇಳಿದಂಗೇ ಆಗ್ತಾ ಉಂಟು ಅಂದ್ರೆ ಅವ್ರಿಗೆ ದಾರಿ ಗೊತ್ತು ಅಂತ್ಲೇ ಅರ್ಥ."

ಹೇಳುವಾಗ ದನಿ ಗಟ್ಟಿಯಾಗಿಯೇ ಇತ್ತು. ಒಳಗೆ ಅಷ್ಟು ಗಟ್ಟಿ ಇರಲಿಲ್ಲ. ಆದರೆ ನನ್ನದೊಂದು ನಂಬಿಕೆ ಉಂಟು: ಕೆಟ್ಟದ್ದನ್ನು ಮುಂಚೆಯೇ ಹೇಳುವ ಮನುಷ್ಯರು ಒಳ್ಳೆಯದರಲ್ಲೂ ಸುಳ್ಳು ಹೇಳುವುದಿಲ್ಲ.

ಸುಮ್ಮನೆ ಕೂರುವುದು ನನಗೆ ಆಗುವುದಿಲ್ಲ. ಅಂಗಡಿಯ ಹಿಂದೆ ಮಾವಿನ ಮರದಿಂದ ಆಚೆಗೆ ನಾಲ್ಕು ಕಂಬ ನೆಟ್ಟು ಮೇಲೆ ತಗಡು ಹೊದಿಸಿದೆವು, ಗೋಡೆಯಿಲ್ಲ. ಅಂಟಿಸುವ ಕೆಲಸ ಇನ್ನು ಮೇಲೆ ಅಲ್ಲೇ, ಬ್ರಷ್ಷಿನಲ್ಲೇ, ಕೈಗವಸು ಹಾಕಿಯೇ, ಬಿಸಿಲಿನ ತಿಂಗಳಲ್ಲಿ ಮಾತ್ರ. ಮಾಡುವುದು ನಮ್ಮನೆಯವರು, ನಾನು ದೂರದ ಮೆಟ್ಟಿಲಲ್ಲಿ ಕೂತು ಗಂಟು ಕಂಡ ಕಡೆಗೆಲ್ಲ ಕೂಗುವುದು. ಮಳೆಗಾಲದ ಹುಡ್ಡಿಗೆ ಏನು ಮಾಡುವುದು ಎಂಬ ಪ್ರಶ್ನೆ ಉಳಿಯಿತು. ಅದಕ್ಕೆ ಉತ್ತರ ಮಾವನವರ ಕಾಲದ ಒಂದು ಹಳೆಯ ಕ್ಯಾನ್ವಾಸ್ ಹುಡ್ ಬಿಚ್ಚಿದಾಗ ಸಿಕ್ಕಿತು. ಅದರಲ್ಲಿ ಒಂದು ತೊಟ್ಟು ಅಂಟಿಲ್ಲ. ಅಂಚನ್ನು ಎರಡು ಸಲ ಮಡಚಿ, ಮೇಣ ಸವರಿದ ಹತ್ತಿಯ ದಾರದಲ್ಲಿ ಜೋಡಿ ಹೊಲಿಗೆ. ನೀರು ಬಿದ್ದರೆ ಹತ್ತಿ ದಾರ ಊದಿಕೊಂಡು ಸೂಜಿಯ ತೂತನ್ನು ತಾನೇ ಮುಚ್ಚುತ್ತದೆ. ನೈಲಾನ್ ದಾರ ಬಂದ ಮೇಲೆ ತೂತು ಉಳಿಯಿತು, ತೂತು ಮುಚ್ಚಲು ಅಂಟು ಬಂತು, ಅಂಟಿಗೆ ಕೋಣೆ ಬಂತು. ಅದನ್ನು ನೋಡಿ ನನಗೆ ಎಷ್ಟು ಸಿಟ್ಟು ಬಂತೆಂದರೆ, ಎದ್ದು ನಿಂತು ಯಾರನ್ನು ಬೈಯುವುದು ಎಂದು ತಿಳಿಯದೆ ಮತ್ತೆ ಕೂತೆ.

ಹಾಗೆ ಅಂಚು ಮಡಚಿದ ಮೊದಲ ಹುಡ್ಡನ್ನು ಕಳಸದ ಜೀಪಿನವನಿಗೇ ಹೊಲಿದು ಕೊಟ್ಟೆವು. ಕ್ಯಾನ್ವಾಸ್ ಭಾರ ಎಂದು ಮುಖ ಹುಳ್ಳಗೆ ಮಾಡಿಕೊಂಡು ಹೋದ. ಮಳೆಗಾಲ ಪೂರ್ತಿ ಓಡಿಸಿ, ಆಮೇಲೆ ತನ್ನ ಸ್ಟ್ಯಾಂಡಿನ ಇನ್ನೂ ಮೂವರನ್ನು ಕಳಿಸಿದ. ಅವನಿಗೆ ನಾನು ಎಲ್ಲವನ್ನೂ ಹೇಳಿದ್ದೇನೆ. ನಮ್ಮ ಬೀದಿಯ ಚಪ್ಪಲಿ ಹೊಲಿಯುವವರಿಗೂ ಹೇಳಿದ್ದೇನೆ, ಮರದ ಕೆಲಸದವರಿಗೂ ಹೇಳಿದ್ದೇನೆ, ಕೇಳದವರಿಗೆ ಎರಡು ಸಲ ಹೇಳಿದ್ದೇನೆ. ಯಾರಾದರೂ ಜೋಮು ಎಂದರೆ ಸಾಕು, ಅದು ಬಿಡುತ್ತದೋ ಇಲ್ಲವೋ, ಯಾವ ಬೆರಳು, ಎಂದಿನಿಂದ ಎಂದು ವಕೀಲರ ಹಾಗೆ ಶುರುಮಾಡುತ್ತೇನೆ. ನನ್ನನ್ನು ಕಂಡರೆ ಕೆಲವರು ರಸ್ತೆಯ ಆ ಕಡೆಗೆ ದಾಟುತ್ತಾರೆ. ದಾಟಲಿ, ಕಾಲು ನೆಟ್ಟಗಿದೆ ಎಂದಾದರೂ ತಿಳಿಯುತ್ತದೆ.

ನಾಲ್ಕನೆಯ ತಿಂಗಳು ಜೋಮು ಮೇಲೆ ಹತ್ತುವುದು ನಿಂತಿತು. ಆರನೆಯ ತಿಂಗಳಿಗೆ ಕೈಬೆರಳಿನ ತುದಿಯಲ್ಲಿ ಸೂಜಿ ಆಡಿಸಿದ ಹಾಗೆ ಚುಚ್ಚಲು ಶುರುವಾಯಿತು. ಚಳಿಗಾಲಕ್ಕೆ ಸೀರೆಯ ನೆರಿಗೆ ಕೈಗೆ ಬಂತು, ಗೋಡೆ ಹಿಡಿಯದೆ ಮೆಟ್ಟಿಲು ಹತ್ತಿದೆ. ಕಾಲಿನ ಬೆರಳು ಮಾತ್ರ ಎಲ್ಲಿಯದೋ ಬೇರೆಯವರದ್ದು. ದಿನಾ ಬೆಳಗ್ಗೆ ಹೆಬ್ಬೆರಳನ್ನು ಚಿವುಟಿ ನೋಡುತ್ತಿದ್ದೆ. ಉಗುರಿನ ಗುರುತು ಕಾಣುತ್ತಿತ್ತು, ನೋವು ಕಾಣುತ್ತಿರಲಿಲ್ಲ. ವರ್ಷ ಕಳೆಯಿತು. ಡಾಕ್ಟರು ಪೂರ್ತಿ ಬರುತ್ತದೆ ಎಂದು ಬರೆದುಕೊಟ್ಟಿರಲಿಲ್ಲ. ಇಷ್ಟು ಬಂದದ್ದೇ ಪುಣ್ಯ ಎಂದು ಊರಿಗೆಲ್ಲ ಹೇಳುತ್ತಿದ್ದೆ, ನನಗೆ ಇಷ್ಟು ಸಾಕಾಗಿರಲಿಲ್ಲ.

ಈ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ, ನಮ್ಮನೆಯವರು ತಗಡಿನ ಮಾಡಿನ ಕೆಳಗೆ ಒಂದು ಸೀಟು ಅಂಟಿಸುತ್ತಿದ್ದರು. ನಾನು ಮಾವಿನ ಮರದ ಬುಡದಲ್ಲಿ ನಿಂತು, ಕಾಯಿ ಬಿಟ್ಟಿದೆಯೇ ಎಂದು ತಲೆ ಎತ್ತಿ ನೋಡುತ್ತಿದ್ದೆ. ಇದ್ದಕ್ಕಿದ್ದಂತೆ ಬಲಗಾಲಿನ ಹೆಬ್ಬೆರಳಿಗೆ ಬೆಂಕಿ ಇಟ್ಟ ಹಾಗಾಯಿತು. ಜೀವ ಹೋಗುವವಳ ಹಾಗೆ ಕಿರುಚಿದೆ. ಬಗ್ಗಿ ನೋಡಿದರೆ ಒಂದು ಚಗಳಿ, ಕಾಫಿ ಕೊಯ್ಯುವವರನ್ನು ಕುಣಿಸುವ ಆ ಕೆಂಪು ಇರುವೆ, ಹಿಂಭಾಗ ಮೇಲಕ್ಕೆತ್ತಿಕೊಂಡು ಬೆರಳಿಗೆ ಬಾಯಿ ಹಾಕಿ ನೇತಾಡುತ್ತಿತ್ತು.

ನಮ್ಮನೆಯವರು ಬ್ರಷ್ಷು ಎಸೆದು ಓಡಿ ಬಂದರು. ನನ್ನ ಕಣ್ಣಿನಲ್ಲಿ ನೀರು ನೋಡಿ ಗಾಬರಿಯಾಗಿ, ಮಂಡಿಯೂರಿ ಕೂತು ಇರುವೆಯನ್ನು ಕೊಡವಲು ಕೈ ಚಾಚಿದರು.

ಅವರ ಕೈ ಹಿಡಿದುಕೊಂಡೆ. "ಇರಿ, ಮುಟ್ಬೇಡಿ" ಎಂದೆ. "ಇನ್ನೊಂದ್ಸಲ ಕಚ್ಲಿ."